ತಾರಸಿಯ ಮೇಲಿನ ಅರ್ಧ ರೇಡಿಯೊ

ಬೆಂಗಳೂರಿನ ಹ್ಯಾಮ್‌ಗಳ ಅಂದರೆ ಹವ್ಯಾಸಿ ರೇಡಿಯೊದವರ ಮನೆಗೆ ಬಂದವರು ಮೊದಲು ಕೇಳುವುದು ಸೆಟ್ಟಿನ ಬಗ್ಗೆ. ಯಾವ ಕಂಪನಿಯದು, ಎಷ್ಟು ವ್ಯಾಟ್, ಎಷ್ಟು ಕೊಟ್ಟಿರಿ? ಮೆಟ್ಟಿಲು ಹತ್ತಿ ಮೇಲೆ ಹೋಗಿ ಆ್ಯಂಟೆನಾ ನೋಡೋಣ ಎನ್ನುವವರು ಅಪರೂಪ. ವಿಎಚ್‌ಎಫ್‌ನ ವಿಷಯದಲ್ಲಿ, ಅದರಲ್ಲೂ ನಾವು ಎರಡು ಮೀಟರ್ ಎಂದು ಕರೆಯುವ 144ರಿಂದ 146 ಮೆಗಾಹರ್ಟ್ಝ್‌ನ ಬ್ಯಾಂಡಿನಲ್ಲಿ, ರೇಡಿಯೊದ ಅರ್ಧ ಇರುವುದು ತಾರಸಿಯ ಮೇಲೆ. ಕೆಳಗಿನ ಪೆಟ್ಟಿಗೆಯನ್ನು ಯಾವುದೋ ದೇಶದಲ್ಲಿ ಯಾರೋ ಮಾಡಿದರು. ಮೇಲಿನ ಅರ್ಧವನ್ನು ಈ ಊರಿನವರು ತಮ್ಮ ಕೈಯಾರೆ ಮಾಡಿಕೊಂಡರು. ಆ ಕೈಕೆಲಸದ ಚರಿತ್ರೆಯನ್ನು ಯಾರೂ ಸರಿಯಾಗಿ ಬರೆದಿಟ್ಟಿಲ್ಲ ಎಂಬ ಕೊರಗು ನನ್ನದು.

ನಾನು ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದು ನಿವೃತ್ತನಾದವನು, ರಾಜಾಜಿನಗರದವನು. ಲೈಸೆನ್ಸ್ ಪಡೆದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ನನಗೆ ಈ ವಿದ್ಯೆ ಕಲಿಸಿದವರು ನನಗಿಂತ ಮೂವತ್ತು ವರ್ಷ ದೊಡ್ಡವರು. ಅವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು, ಅವರು ಶಾಲೆಯಲ್ಲಿ ಪಾಠ ಮಾಡಿದವರಲ್ಲದಿದ್ದರೂ. ಆ್ಯಂಟೆನಾದ ಪಾಠವನ್ನು ಅವರು ಜಪಾನಿನಿಂದ ಶುರು ಮಾಡುತ್ತಿದ್ದರು.

1926ರಲ್ಲಿ ಸೆಂಡೈ ನಗರದ ತೊಹೊಕು ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಶಿಂತಾರೊ ಉದಾ ಎಂಬ ತರುಣ ಸಂಶೋಧಕರು, ವಿದ್ಯುತ್ ಹರಿಸದ ಲೋಹದ ಕಡ್ಡಿಗಳನ್ನು ಆ್ಯಂಟೆನಾದ ಹಿಂದೆ ಮುಂದೆ ಸಾಲಾಗಿ ನಿಲ್ಲಿಸಿದರೆ ಅಲೆಗಳು ಒಂದೇ ದಿಕ್ಕಿಗೆ ಒತ್ತಾಗಿ ಹೋಗುತ್ತವೆ ಎಂದು ತೋರಿಸಿಕೊಟ್ಟರು. ಹಿಂದಿನ ಕಡ್ಡಿ ತುಸು ಉದ್ದ, ಮುಂದಿನವು ತುಸು ಗಿಡ್ಡ, ಅಷ್ಟೇ. ಅವರ ಪ್ರೊಫೆಸರ್ ಹಿದೆತ್ಸುಗು ಯಾಗಿ 1928ರಲ್ಲಿ ಇದರ ಬಗ್ಗೆ ಇಂಗ್ಲಿಷಿನಲ್ಲಿ ಲೇಖನ ಬರೆದರು. ಹೊರಜಗತ್ತು ಓದಿದ್ದು ಆ ಲೇಖನ, ಹೀಗಾಗಿ ನಿಂತ ಹೆಸರೂ ಅವರದೇ. ಮೇಷ್ಟ್ರು ಮಾತ್ರ ನಮ್ಮಿಂದ ‘ಯಾಗಿ-ಉದಾ’ ಎಂದೇ ಹೇಳಿಸುತ್ತಿದ್ದರು. ದುಡಿದವನ ಹೆಸರು ಬಿಡಬಾರದು ಎಂಬುದು ಅವರ ಕಟ್ಟಪ್ಪಣೆ. ಜಪಾನಿನ ಎಂಜಿನಿಯರುಗಳು ಹೇಳುತ್ತ ಬಂದ ಪ್ರಸಂಗವೊಂದಿದೆ: 1942ರ ಫೆಬ್ರವರಿಯಲ್ಲಿ ಸಿಂಗಪುರ ಬಿದ್ದ ಮೇಲೆ ಬ್ರಿಟಿಷರ ರೇಡಾರ್ ಟಿಪ್ಪಣಿಗಳಲ್ಲಿ ‘ಯಾಗಿ’ ಎಂಬ ಪದ ಅವರಿಗೆ ಸಿಕ್ಕಿತು, ಏನಿದು ಎಂದು ಸೆರೆಯಾಳನ್ನು ವಿಚಾರಿಸಿದರೆ, ನಿಮ್ಮದೇ ದೇಶದ ಪ್ರೊಫೆಸರರ ಹೆಸರಲ್ಲವೆ ಎಂಬ ಉತ್ತರ ಬಂತು. ಸ್ವಂತ ಮನೆಯ ವಿದ್ಯೆಯನ್ನು ಶತ್ರುವಿನ ಕಾಗದದಲ್ಲಿ ಓದಿಕೊಳ್ಳಬೇಕಾಯಿತು.

ನಮ್ಮ ಸೀಮೆಯಲ್ಲಿ ರೇಡಿಯೊ ಹುಚ್ಚು ಅದಕ್ಕೂ ಹಿಂದಿನದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ವಿಠಲ ವಿಹಾರದಿಂದ ಸಣ್ಣದೊಂದು ಟ್ರಾನ್ಸ್‌ಮಿಟರಿನಲ್ಲಿ ಪ್ರಸಾರ ಆರಂಭಿಸಿದ್ದು ಎಲ್ಲರಿಗೂ ಗೊತ್ತು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಯದು. ಆದರೆ 1939ರಲ್ಲಿ ಯುದ್ಧ ಶುರುವಾದದ್ದೇ ಹವ್ಯಾಸಿಗಳ ಲೈಸೆನ್ಸ್ ರದ್ದಾಯಿತು, ಸೆಟ್ಟುಗಳನ್ನು ಒಪ್ಪಿಸಬೇಕಾಯಿತು. ವಿಎಚ್‌ಎಫ್ ಎಂಬುದು ನಮ್ಮ ಕೈಗೆ ಬಂದದ್ದು ಯುದ್ಧ ಮುಗಿದ ಮೇಲೆ, ಯುದ್ಧದ ಉಳಿಕೆಯಾಗಿಯೇ.

ಇದರಲ್ಲಿ ಬೆಂಗಳೂರಿಗೆ ಒಂದು ಅನುಕೂಲವಿತ್ತು. 1943ರಲ್ಲಿ ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಅಮೆರಿಕದ ವಾಯುಪಡೆಗೆ ವಹಿಸಿಕೊಟ್ಟರು; ಅದು 84ನೇ ಏರ್ ಡಿಪೊ ಆಗಿ ವಿಮಾನಗಳ ರಿಪೇರಿಯ ದೊಡ್ಡ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ವಿಮಾನದ ಸಾಮಾನು ಡಿಸ್ಪೋಸಲ್ ಹರಾಜಿಗೆ ಬಂತು. ಎಸ್‌ಸಿಆರ್-522 ಎಂಬ, 100ರಿಂದ 156 ಮೆಗಾಹರ್ಟ್ಝ್‌ವರೆಗೆ ಕೆಲಸ ಮಾಡುವ ನಾಲ್ಕು ಚಾನೆಲ್‌ಗಳ ವಿಮಾನದ ಸೆಟ್ಟು ಜಗತ್ತಿನಾದ್ಯಂತ ಹ್ಯಾಮ್‌ಗಳ ಮೊದಲ ಎರಡು ಮೀಟರ್ ಸೆಟ್ಟಾದದ್ದು ಹೀಗೆ. ಅಂಥವು ಇಲ್ಲಿನ ಹಳೆ ಸಾಮಾನಿನ ಅಂಗಡಿಗಳಲ್ಲೂ ತೂಕದ ಲೆಕ್ಕದಲ್ಲಿ ಸಿಗುತ್ತಿದ್ದವೆಂದು ಮೇಷ್ಟ್ರು ಹೇಳುತ್ತಿದ್ದರು. ಅದರ ಒಳಗಿನ ಹರಳು 8 ಮೆಗಾಹರ್ಟ್ಝ್‌ನ ಆಸುಪಾಸಿನದು. ಸೆಟ್ಟು ಅದನ್ನು ಹದಿನೆಂಟು ಪಟ್ಟು ಮಾಡುತ್ತದೆ. 8 ಹದಿನೆಂಟಲೆ 144. ಬೇಕಾದ ಹರಳು ಸಿಗದಿದ್ದರೆ ಗಾಜಿನ ಮೇಲೆ ಕಾರ್ಬೊರಂಡಮ್ ಪುಡಿ ಹಾಕಿ, ನೀರು ಬೆರೆಸಿ, ಬೆರಳಿನಲ್ಲಿ ಸುತ್ತಿಸಿ ಸುತ್ತಿಸಿ ತೇಯುವುದು. ತೇದಷ್ಟೂ ಫ್ರೀಕ್ವೆನ್ಸಿ ಏರುತ್ತದೆ. ಏರಿದ್ದು ಮತ್ತೆ ಇಳಿಯದು. ಹಾಗಾಗಿ ನಾಲ್ಕು ಸಲ ತೇದು ಒಂದು ಸಲ ಅಳೆಯುವವನಲ್ಲ, ಒಂದು ಸಲ ತೇದು ನಾಲ್ಕು ಸಲ ಅಳೆಯುವವನು ಆ ಕಾಲದ ಒಳ್ಳೆಯ ಹ್ಯಾಮ್.

1954ರಲ್ಲಿ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾಯಿತು. ಅರವತ್ತರ ದಶಕದಲ್ಲಿ ಅಲ್ಲಿಯ ವಾಲ್ವು, ಟ್ರಾನ್ಸಿಸ್ಟರುಗಳು ಮಾರುಕಟ್ಟೆಗೆ ಬಂದವು. 1959ರಲ್ಲಿ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ಹುಟ್ಟಿತು. ಇಷ್ಟಾದರೂ ಆ ದಿನಗಳ ಹೆಚ್ಚಿನ ಹ್ಯಾಮ್‌ಗಳು ಇದ್ದದ್ದು ಶಾರ್ಟ್‌ವೇವ್‌ನಲ್ಲಿ, ನಲವತ್ತು ಮೀಟರಿನಲ್ಲಿ. ಎರಡು ಮೀಟರಿಗೆ ಬಂದವರು ಕೆಲವರೇ. ಕಾರಣ ಸರಳ. ಶಾರ್ಟ್‌ವೇವ್‌ನಲ್ಲಿ ಎರಡು ಮರಗಳ ನಡುವೆ ತಂತಿ ಕಟ್ಟಿದರೆ ಆಕಾಶದ ಅಯಾನುಮಂಡಲವೇ ಅಲೆಯನ್ನು ಹೊತ್ತು ದೂರದ ಊರಿಗೆ ಇಳಿಸುತ್ತದೆ. ವಿಎಚ್‌ಎಫ್‌ಗೆ ಆ ಉಪಕಾರವಿಲ್ಲ. ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ, ದಿಗಂತ ದಾಟಿದ ಮೇಲೆ ಕ್ಷೀಣಿಸುತ್ತದೆ. ಆ್ಯಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಎಷ್ಟು ಕಿಲೊಮೀಟರ್ ಎಂದು ಗೊತ್ತಾಗುತ್ತದೆ. 9 ಮೀಟರ್ ಎತ್ತರಕ್ಕೆ ಸುಮಾರು 12 ಕಿಲೊಮೀಟರ್. 16 ಮೀಟರಿಗೆ ಹದಿನಾರೂವರೆ. ನಂದಿಬೆಟ್ಟದ ತುದಿ ಬೆಂಗಳೂರಿನ ನೆಲಕ್ಕಿಂತ ಸುಮಾರು 550 ಮೀಟರ್ ಎತ್ತರ; ಅಲ್ಲಿ ನಿಂತರೆ ಸುಮಾರು 97 ಕಿಲೊಮೀಟರ್. ಇದೇ ಕಾರಣಕ್ಕೆ ನಮ್ಮ ಹ್ಯಾಮ್‌ಗಳು ಭಾನುವಾರ ಬಂದರೆ ಬ್ಯಾಟರಿ ಹೊತ್ತು ಬೆಟ್ಟ ಹತ್ತುತ್ತಿದ್ದುದು. ದೇವಸ್ಥಾನದ ಮೆಟ್ಟಿಲಿನ ಬಳಿ ಬಿದಿರಿನ ಗಳ ನಿಲ್ಲಿಸುವ ಗುಂಪನ್ನು ಕಂಡು ಜನ ಗಾಳಿಪಟದವರು ಎಂದುಕೊಳ್ಳುತ್ತಿದ್ದರು.

ಮೇಷ್ಟ್ರ ಬಳಿ ಉದ್ದನೆಯ ರೂಲ್ಡ್ ನೋಟ್‌ಬುಕ್ಕುಗಳಿದ್ದವು. ಅವರು ಹೋದ ಮೇಲೆ ಅವರ ಮಗಳು ಅವನ್ನು ನನಗೆ ಕೊಟ್ಟರು. ಹಳೆಯ ಪುಸ್ತಕಗಳಲ್ಲಿ ನನಗೆ ಬಹಳ ಹಿಡಿಸಿದ್ದು ಅಳತೆಯ ಪುಟಗಳು. ಫ್ರೀಕ್ವೆನ್ಸಿ ಮೀಟರುಗಳಿಲ್ಲದ ಕಾಲದಲ್ಲಿ ಅವರು 145 ಮೆಗಾಹರ್ಟ್ಝ್ ಅನ್ನು ಅಳೆದದ್ದು ಲೆಷರ್ ತಂತಿಗಳಿಂದ. ಹಲಗೆಯ ಮೇಲೆ ಎರಡು ತಾಮ್ರದ ತಂತಿಗಳನ್ನು ಸಮಾನಾಂತರವಾಗಿ ಬಿಗಿದು, ಒಂದು ತುದಿಯನ್ನು ಟ್ರಾನ್ಸ್‌ಮಿಟರಿನ ಕಾಯಿಲ್ ಹತ್ತಿರ ಹಿಡಿದು, ತಂತಿಗಳ ಮೇಲೆ ಒಂದು ಲೋಹದ ಪಟ್ಟಿಯನ್ನು ಮೆಲ್ಲಗೆ ಸರಿಸುತ್ತ ಹೋದರೆ ಟ್ರಾನ್ಸ್‌ಮಿಟರಿನ ಕರೆಂಟು ಒಂದು ಜಾಗದಲ್ಲಿ ತಟ್ಟನೆ ಬದಲಾಗುತ್ತದೆ. ಮತ್ತೆ ಮುಂದೆ ಸರಿಸಿದರೆ ಇನ್ನೊಂದು ಜಾಗದಲ್ಲಿ ಹಾಗೇ. ಎರಡು ಜಾಗಗಳ ನಡುವಿನ ದೂರ ಅರ್ಧ ಅಲೆ. 1 ಮೀಟರ್ 3 ಸೆಂಟಿಮೀಟರ್ ಬಂದರೆ ನೀವು 145ರಲ್ಲಿದ್ದೀರಿ. ಫ್ರೀಕ್ವೆನ್ಸಿ ಮೀಟರಿಲ್ಲ, ಡಯಲಿಲ್ಲ, ದರ್ಜಿಯ ಟೇಪು ಸಾಕು. ರೇಡಿಯೊ ಅಲೆಯ ಉದ್ದವನ್ನು ಕಣ್ಣೆದುರು ಅಳೆದು ನೋಡಿದ ಹುಡುಗ ಮುಂದೆ ಆ್ಯಂಟೆನಾ ಅಂಗಡಿಯಿಂದ ಕೊಂಡರೂ ಅದರೊಳಗೆ ಏನು ನಡೆಯುತ್ತಿದೆ ಎಂದು ತಿಳಿದೇ ಕೊಳ್ಳುತ್ತಾನೆ.

ಮೇಷ್ಟ್ರು ಹೊಸಬರಿಗೆ ಮೊದಲು ಮಾಡಿಸುತ್ತಿದ್ದುದು ಗ್ರೌಂಡ್ ಪ್ಲೇನ್. ಒಂದು ಎಸ್‌ಒ-239 ಸಾಕೆಟ್. ನಡುವಿನ ಪಿನ್ನಿಗೆ ಬೆಸೆದು ನೆಟ್ಟಗೆ ನಿಲ್ಲಿಸಿದ 49 ಸೆಂಟಿಮೀಟರ್ ಹಿತ್ತಾಳೆ ಕಡ್ಡಿ. ಸಾಕೆಟ್ಟಿನ ನಾಲ್ಕು ಮೂಲೆಯ ತೂತುಗಳಿಂದ ಕೆಳಮುಖವಾಗಿ 45 ಡಿಗ್ರಿ ಬಾಗಿದ ಇನ್ನೂ ನಾಲ್ಕು. ಕಡ್ಡಿಗಳನ್ನು ಹಾಗೆ ಬಾಗಿಸುವುದು ಅಂದಕ್ಕಲ್ಲ, ಕೇಬಲಿನ 50 ಓಮ್‌ಗೆ ಹೊಂದಲೆಂದು. ಈ ಆ್ಯಂಟೆನಾ ಅಮೆರಿಕದ ಆರ್‌ಸಿಎ ಕಂಪನಿಯ ಜಾರ್ಜ್ ಬ್ರೌನ್ ಅವರ ಕೊಡುಗೆ. ಅವರ ಲೆಕ್ಕದಲ್ಲಿ ಕೆಳಗೆ ಎರಡೇ ಕಡ್ಡಿ ಸಾಕಿತ್ತು. ಎರಡೇ ಇದ್ದರೆ ಎಲ್ಲ ದಿಕ್ಕಿಗೂ ಸಮನಾಗಿ ಹೋಗುತ್ತದೆ ಎಂದು ಮಾರಾಟದವರು ನಂಬಲಿಲ್ಲವೆಂದು ಇನ್ನೆರಡು ಸೇರಿಸಿದರು. ಇವತ್ತಿಗೂ ಜಗತ್ತು ನಾಲ್ಕನ್ನೇ ಹಾಕುತ್ತಿದೆ.

ಇನ್ನು ಈ ಚರಿತ್ರೆಯ ದೊಡ್ಡ ತಿರುವು ಹ್ಯಾಮ್‌ಗಳಿಂದ ಬಂದದ್ದಲ್ಲ, ದೂರದರ್ಶನದಿಂದ ಬಂದದ್ದು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಆರಂಭವಾಯಿತು. ಅದಕ್ಕೂ ಮೊದಲೇ ಮದ್ರಾಸಿನ ಚಿತ್ರ ಹಿಡಿಯುವ ಆಸೆಯಿಂದ ಎತ್ತರದ ಕಂಬ ನಿಲ್ಲಿಸಿದ ಮನೆಗಳಿದ್ದವು. 1981ರ ನಂತರವಂತೂ ಮನೆಮನೆಯ ಮೇಲೂ ಯಾಗಿ-ಉದಾ. ಜನ ಅದನ್ನು ಟೀವಿ ಆ್ಯಂಟೆನಾ ಎಂದರು. ನಮಗೆ ಅದು ಕಚ್ಚಾ ಸಾಮಗ್ರಿ. ಅಲ್ಲಿಯವರೆಗೆ ಅಲ್ಯೂಮಿನಿಯಂ ಕೊಳವೆಗಾಗಿ ಎಸ್‌.ಪಿ. ರಸ್ತೆಯಿಂದ ಸಿಟಿ ಮಾರ್ಕೆಟ್ಟಿನವರೆಗೆ ಅಲೆಯಬೇಕಿತ್ತು, ಸಾಗುವಾನಿ ರೀಪರನ್ನು ಮೇಣದಲ್ಲಿ ಕುದಿಸಿ ಕಡ್ಡಿಗಳನ್ನು ಹೊರುವ ಬೂಮ್ ಮಾಡಿಕೊಳ್ಳಬೇಕಿತ್ತು. ಈಗ ಅರ್ಧ ಇಂಚಿನ ಕೊಳವೆ, ಕ್ಲ್ಯಾಂಪು, ಪ್ಲಾಸ್ಟಿಕ್ ಡಬ್ಬಿ, ಜಿಐ ಪೈಪು, ಸ್ಟೇ ತಂತಿ, ಕಂಬ ನಿಲ್ಲಿಸುವ ಹುಡುಗರು, ಎಲ್ಲವೂ ಬಡಾವಣೆಯ ಅಂಗಡಿಯಲ್ಲೇ ಸಿಕ್ಕವು.

ಟೀವಿ ಆ್ಯಂಟೆನಾವನ್ನು ಹಾಗೆಯೇ ಎತ್ತಿಕೊಂಡು ಎರಡು ಮೀಟರಿಗೆ ಹಚ್ಚಲು ಬರುವುದಿಲ್ಲ. ಅಳತೆ ಬೇರೆ. ನಾವು ಕಡ್ಡಿಗಳನ್ನು ಬಿಡಿಸಿ ಮತ್ತೆ ಕತ್ತರಿಸುತ್ತಿದ್ದೆವು: ಹಿಂದಿನದು 1 ಮೀಟರ್ 3 ಸೆಂಟಿಮೀಟರ್, ನಡುವಿನದು 98 ಸೆಂಟಿಮೀಟರ್, ಮುಂದಿನದು 92ರ ಹತ್ತಿರ, ನಡುವಿನ ಅಂತರ ಸುಮಾರು 40. ಇನ್ನೊಂದು ಮುಖ್ಯ ವ್ಯತ್ಯಾಸವಿತ್ತು. ಟೀವಿಯ ಅಲೆ ಅಡ್ಡವಾಗಿ ಬರುತ್ತದೆ, ಅದರ ಕಡ್ಡಿಗಳು ನೆಲಕ್ಕೆ ಸಮಾನಾಂತರ. ನಮ್ಮ ಎಫ್‌ಎಂ ಮಾತುಕತೆ ಲಂಬ ಅಲೆಯಲ್ಲಿ. ಕಾರಿನ ಮೇಲಿನ ಕಡ್ಡಿ, ಕೈಯಲ್ಲಿನ ಹ್ಯಾಂಡಿ ನೆಟ್ಟಗೆ ನಿಂತಿರುತ್ತವಲ್ಲ. ಒಂದು ಕಡೆ ಅಡ್ಡ, ಇನ್ನೊಂದು ಕಡೆ ಲಂಬ ಆದರೆ 20 ಡೆಸಿಬೆಲ್‌ನಷ್ಟು ಸಿಗ್ನಲ್ ಕಳೆದುಹೋಗಬಹುದು, ಅಂದರೆ ನೂರರಲ್ಲಿ ಒಂದು ಪಾಲು ಮಾತ್ರ ಉಳಿದ ಹಾಗೆ. ಇಂಥ ಮೂರು ಕಡ್ಡಿಯ ಯಾಗಿ-ಉದಾ, ನಾವು ಬೀಮ್ ಎನ್ನುವುದು, ಕಷ್ಟಪಟ್ಟು ತಂದುಕೊಡುವ ಲಾಭ ಮೂರು ಪಟ್ಟು. ಅದನ್ನು ಮಲಗಿಸುವುದೋ ನಿಲ್ಲಿಸುವುದೋ ಎಂಬ ಒಂದೇ ತೀರ್ಮಾನ ಅದರ ಹಲವು ಪಟ್ಟು ತೂಗುತ್ತದೆ.

ಟೀವಿಯ ಜೊತೆ ಬಂದ ಇನ್ನೊಂದು ಸಾಮಾನು 300 ಓಮ್‌ನ ಚಪ್ಪಟೆ ರಿಬ್ಬನ್ ತಂತಿ. ಇಂಗ್ಲೆಂಡಿನ ಎಫ್‌.ಸಿ. ಜಡ್ ಎಂಬ ಹ್ಯಾಮ್ 1978ರಲ್ಲಿ ಪ್ರಕಟಿಸಿದ ‘ಸ್ಲಿಮ್ ಜಿಮ್’ ಎಂಬ ಆ್ಯಂಟೆನಾವನ್ನು ಇದೇ ರಿಬ್ಬನ್ನಿನಿಂದ ಮಾಡಬಹುದಿತ್ತು. ಒಂದೂವರೆ ಮೀಟರಿನ ತುಂಡು, ತುದಿಗಳನ್ನು ಜೋಡಿಸಿ, ಒಂದು ಪಕ್ಕದಲ್ಲಿ ಕಚ್ಚು ಕೊಟ್ಟು, ಕೆಳಗೆ ಕೇಬಲ್ ಬೆಸೆದು, ವಿದ್ಯುತ್ ಕೆಲಸದ ಪಿವಿಸಿ ಕೊಳವೆಯೊಳಗೆ ತೂರಿಸಿಬಿಟ್ಟರೆ ಮುಗಿಯಿತು. ತೆಂಗಿನ ಮರಕ್ಕೆ ಕಟ್ಟಬಹುದು, ಬಾಡಿಗೆ ಮನೆಯ ಬಾಲ್ಕನಿಯಲ್ಲಿ ತೂಗುಹಾಕಬಹುದು. ತಾರಸಿಗೆ ಬೀಗ ಹಾಕುವ ಮಾಲೀಕರಿದ್ದ ಎಷ್ಟೋ ಬಾಡಿಗೆದಾರ ಹುಡುಗರಿಗೆ ಎರಡು ಮೀಟರಿನ ಬಾಗಿಲು ತೆರೆದದ್ದು ಈ ರಿಬ್ಬನ್. ನನ್ನ ತೀರ್ಪು ಕೇಳಿದರೆ, ದುಡ್ಡಿಗೆ ಹೋಲಿಸಿದಾಗ ಇದಕ್ಕಿಂತ ಹೆಚ್ಚು ಕೆಲಸ ಕೊಟ್ಟ ಆ್ಯಂಟೆನಾ ನಮ್ಮೂರಿನಲ್ಲಿ ಬೇರೊಂದಿಲ್ಲ.

ಕೇಬಲಿನ ಮಾತನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ನೋಟ್‌ಬುಕ್ಕಿನಲ್ಲಿ ಅದಕ್ಕೆ ಕೆಂಪು ಶಾಯಿ. ತೆಳ್ಳನೆಯ ಆರ್‌ಜಿ-58 ಕೇಬಲ್ 145 ಮೆಗಾಹರ್ಟ್ಝ್‌ನಲ್ಲಿ 30 ಮೀಟರಿಗೆ ಸುಮಾರು 6 ಡೆಸಿಬೆಲ್ ತಿನ್ನುತ್ತದೆ. ಕೆಳಗೆ 10 ವ್ಯಾಟ್ ಕೊಟ್ಟರೆ ಮೇಲೆ ಮುಟ್ಟುವುದು ಎರಡೂವರೆ. ಕೇಳುವಾಗಲೂ ಅದೇ ಕಡಿತ. ಸೋರುವ ತೂಬಿಗೆ ಎಷ್ಟು ದೊಡ್ಡ ಕೆರೆ ಇದ್ದರೇನು? ದಪ್ಪನೆಯ ಆರ್‌ಜಿ-213 ಒಳ್ಳೆಯದು, ಆದರೆ ಸಂಬಳದವನಿಗೆ ನಿಲುಕುವ ಬೆಲೆಯಲ್ಲ. ಇದಕ್ಕೂ ಟೀವಿಯೇ ದಾರಿ ತೋರಿಸಿತು. ತೊಂಬತ್ತರ ದಶಕದಲ್ಲಿ ಕೇಬಲ್ ಟೀವಿ ಬೀದಿಬೀದಿಗೆ ಬಂದಾಗ 75 ಓಮ್‌ನ ಆರ್‌ಜಿ-6, ಆರ್‌ಜಿ-11 ಕೇಬಲ್ ಸುರುಳಿಗಟ್ಟಲೆ ಅಗ್ಗಕ್ಕೆ ಸಿಕ್ಕವು. 50 ಓಮ್‌ನ ಸೆಟ್ಟಿಗೆ 75 ಓಮ್‌ನ ಕೇಬಲ್ ಹಾಕಬಾರದು ಎಂದು ಪುಸ್ತಕದವರು ಹೆದರಿಸುತ್ತಿದ್ದರು. ಲೆಕ್ಕ ಹಾಕಿದರೆ ಎಸ್‌ಡಬ್ಲ್ಯುಆರ್, ಅಂದರೆ ಹೊಂದಿಕೆ ತಪ್ಪಿ ಶಕ್ತಿ ಹಿಂದಿರುಗುವುದರ ಅಳತೆ, ಒಂದೂವರೆ. ಅದರಿಂದಾಗುವ ನಷ್ಟ ಗಣನೆಗೇ ಬಾರದು. ಅದೇ ಆರ್‌ಜಿ-58ರ ಬದಲು ಆರ್‌ಜಿ-6 ಎಳೆದರೆ 10 ವ್ಯಾಟಿನಲ್ಲಿ ಐದಕ್ಕೂ ಮಿಕ್ಕಿ ಮೇಲೆ ಹೋಗುತ್ತದೆ. ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳನ್ನು ಒಂದಕ್ಕೆ ತರಲು ವಾರಗಟ್ಟಲೆ ಒದ್ದಾಡಿ, ಕೇಬಲಿನಲ್ಲಿ ಮುಕ್ಕಾಲು ಪಾಲು ಕಳೆದುಕೊಳ್ಳುವವರನ್ನು ಕಂಡಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಕೆಟ್ಟ ಕೇಬಲ್ ಇದ್ದಷ್ಟೂ ಮುಳ್ಳು ಚೆನ್ನಾಗಿ ಕಾಣುತ್ತದೆ, ಏಕೆಂದರೆ ಹಿಂದಿರುಗುವ ಶಕ್ತಿಯನ್ನೂ ಕೇಬಲೇ ನುಂಗಿರುತ್ತದೆ.

ಪೆಟ್ಟಿಗೆಗಳ ಕಾಲ ಬಂದದ್ದು 1984ರ ನಂತರ. ರಾಜೀವ್ ಗಾಂಧಿ ಸ್ವತಃ ಹ್ಯಾಮ್; ಅವರ ಕರೆಸಂಕೇತ ವಿಯು2ಆರ್‌ಜಿ. ಆ ವರ್ಷ ಹವ್ಯಾಸಿಗಳ ಉಪಕರಣಗಳ ಮೇಲಿನ ಆಮದು ಸುಂಕ ತೆಗೆದರು. ಜಪಾನಿನ ಐಕಾಮ್ ಐಸಿ-2ಎನ್‌ನಂಥ ಹ್ಯಾಂಡಿಗಳು ಬಂದವು. ತಲೆಯ ಮೇಲೆ ಅಂಕಿಗಳ ಚಕ್ರ, ಹೆಬ್ಬೆರಳಿನಿಂದ ತಿರುಗಿಸಿದರೆ ಫ್ರೀಕ್ವೆನ್ಸಿ; ಶಕ್ತಿ ಒಂದೂವರೆ ವ್ಯಾಟ್. ಹರಳು ತೇದು ಬೆಳೆದವರಿಗೆ ಅದು ಬೆರಗೇ ಸರಿ. ಆದರೂ ಮೇಷ್ಟ್ರು ಅದರಲ್ಲಿ ಮೆಚ್ಚಿದ್ದು ಬಿಎನ್‌ಸಿ ಸಾಕೆಟ್ಟನ್ನು: ಗಿಡ್ಡ ರಬ್ಬರ್ ಆ್ಯಂಟೆನಾ ತಿರುಚಿ ತೆಗೆದು ತಾರಸಿಯ ಕೇಬಲ್ ಸಿಕ್ಕಿಸಬಹುದಿತ್ತು. ಕೇಳಿದ್ದನ್ನು ಎತ್ತರದಿಂದ ಮರುಪ್ರಸಾರ ಮಾಡುವ ರಿಪೀಟರುಗಳು ಬಂದ ಮೇಲೆ ಊರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಆ ಒಂದೂವರೆ ವ್ಯಾಟೇ ಸಾಕಾಯಿತು. ಕಾರು ರ‍್ಯಾಲಿಗಳಲ್ಲಿ, ನೆರೆ ಬಂದ ಊರುಗಳಲ್ಲಿ, ಹ್ಯಾಮ್‌ಗಳು ಕೆಲಸಕ್ಕೆ ಬಂದದ್ದು ಮುಖ್ಯವಾಗಿ ಈ ಹ್ಯಾಂಡಿಗಳಿಂದ. ಟೆಲಿಫೋನ್ ಕಂಬ ಮಲಗಿದ ಊರಿನಲ್ಲಿ, ಶಾಲೆಯ ಮಾಳಿಗೆಯ ಮೇಲೆ ಬಿದಿರಿನ ಗಳಕ್ಕೆ ಕಟ್ಟಿದ ಗ್ರೌಂಡ್ ಪ್ಲೇನ್ ಒಂದೇ ತಾಲ್ಲೂಕು ಕಚೇರಿಗೆ ಸುದ್ದಿ ಮುಟ್ಟಿಸುತ್ತಿದ್ದುದನ್ನು ನಾನು ನೋಡಿದ್ದೇನೆ.

2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ಟು ಶ್ರೀಹರಿಕೋಟದಿಂದ ಕಾರ್ಟೊಸ್ಯಾಟ್-1ರ ಜೊತೆ ಹ್ಯಾಮ್‌ಸ್ಯಾಟ್ ಅನ್ನು ಹೊತ್ತೊಯ್ದಿತು. ನಮ್ಮ ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ, 42.5 ಕಿಲೊ ತೂಕದ ಪುಟ್ಟ ಉಪಗ್ರಹ. ಅದರಲ್ಲಿ ಎರಡು ಟ್ರಾನ್ಸ್‌ಪಾಂಡರು: ಒಂದು ನಮ್ಮವರದು, ಇನ್ನೊಂದು ವಿಲಿಯಂ ಲೈಯೆನಾರ್ ಎಂಬ ಡಚ್ ವಿದ್ಯಾರ್ಥಿಯದು. 435 ಮೆಗಾಹರ್ಟ್ಝ್‌ನಲ್ಲಿ ಕಳಿಸಿದ್ದನ್ನು ಅದು 145ರಲ್ಲಿ ವಾಪಸು ಹಾಡುತ್ತಿತ್ತು. ಒಂದೊಂದು ಸಲ ಹಾದುಹೋಗುವಾಗ ಸಿಗುವುದು ಹೆಚ್ಚೆಂದರೆ ಕಾಲು ಗಂಟೆ. ಅಷ್ಟರಲ್ಲಿ ಅದನ್ನು ಆಕಾಶದುದ್ದಕ್ಕೂ ಬೆನ್ನಟ್ಟಬೇಕು. ಬಡಗಿಯ ಉಕ್ಕಿನ ಅಳತೆ ಪಟ್ಟಿಯನ್ನು ಕತ್ತರಿಸಿ, ಪಿವಿಸಿ ಕೊಳವೆಗೆ ಬಿಗಿದು ಮಾಡಿದ ಮೂರು ಕಡ್ಡಿಯ ಕೈಬೀಮ್ ಹಿಡಿದು ಕಾಲೇಜು ಹುಡುಗಿಯರು, ಹುಡುಗರು ತಾರಸಿಯ ಮೇಲೆ ನಿಂತು ಜಗತ್ತಿನ ಮಾತು ಕೇಳಿದರು. 2014ರವರೆಗೆ ಆ ಉಪಗ್ರಹ ದುಡಿಯಿತು. ಅಂಗಡಿಯ ಆ್ಯಂಟೆನಾಗಳಿದ್ದ ಕಾಲದಲ್ಲೂ ಕೈಕೆಲಸಕ್ಕೆ ಮರುಜೀವ ಕೊಟ್ಟದ್ದು ಅದು.

ಈಗ ಚೀನಾದ ಹ್ಯಾಂಡಿಗಳು ಒಂದು ಜೊತೆ ಚಪ್ಪಲಿಯ ಬೆಲೆಗೆ ಸಿಗುತ್ತವೆ. ಅಂಗೈಯಗಲದ ನ್ಯಾನೊ ವಿಎನ್‌ಎ ಆ್ಯಂಟೆನಾದ ಜಾತಕವನ್ನೇ ಪರದೆಯ ಮೇಲೆ ಬರೆಯುತ್ತದೆ. ಲೆಷರ್ ತಂತಿಯ ಹಲಗೆ ಯಾರಿಗೂ ಬೇಡ. ಇದು ಒಳ್ಳೆಯದೇ, ನಾನು ದೂರುವುದಿಲ್ಲ. ಲೈಸೆನ್ಸ್ ಪಡೆದು ಸಲಹೆ ಕೇಳಿ ಬರುವ ಹುಡುಗರಿಗೆ ಇಷ್ಟೇ ಹೇಳುತ್ತೇನೆ: ಸೆಟ್ಟು ಸಾಧಾರಣದ್ದಿರಲಿ, ಇರುವ ದುಡ್ಡಿನ ದೊಡ್ಡ ಪಾಲು ಕಂಬಕ್ಕೆ, ಕೇಬಲಿಗೆ ಹಾಕಿ. ಮೊದಲ ಆ್ಯಂಟೆನಾ ನಿಮ್ಮ ಕೈಯದೇ ಆಗಿರಲಿ. ಕಂಬಕ್ಕೆ ಅರ್ತಿಂಗ್ ತಪ್ಪಿಸಬೇಡಿ, ಗುಡುಗಿನ ಹೊತ್ತಿನಲ್ಲಿ ಕೇಬಲ್ ಕಳಚಿಡಿ, ವಿದ್ಯುತ್ ತಂತಿಯ ಹತ್ತಿರ ಗಳ ಎತ್ತಬೇಡಿ.

ಮತ್ತೊಂದು ಮಾತು ಹ್ಯಾಮ್‌ಗಳಲ್ಲದ ಓದುಗರಿಗೆ. ಐವತ್ತು, ಅರವತ್ತರ ದಶಕದಲ್ಲಿ ಲೈಸೆನ್ಸ್ ಪಡೆದ ತಲೆಮಾರು ಬಹುಪಾಲು ಹೊರಟುಹೋಗಿದೆ. ಅವರ ಲಾಗ್ ಪುಸ್ತಕ, ಅಳತೆಯ ನೋಟ್‌ಬುಕ್ಕು, ಸಂಪರ್ಕ ಖಚಿತಪಡಿಸುವ ಕ್ಯೂಎಸ್‌ಎಲ್ ಕಾರ್ಡುಗಳು ಮನೆ ಬದಲಿಸುವಾಗ ರದ್ದಿಗೆ ಹೋಗುತ್ತಿವೆ. ನಿಮ್ಮ ತಾತನೋ ದೊಡ್ಡಪ್ಪನೋ ಹ್ಯಾಮ್ ಆಗಿದ್ದರೆ, ಅಟ್ಟದ ಮೇಲೆ ಅವರ ಕೈಬರಹದ ಕಟ್ಟಿದ್ದರೆ, ದಯವಿಟ್ಟು ತೂಕಕ್ಕೆ ಹಾಕಬೇಡಿ. ನಿಮ್ಮ ಊರಿನ ಅಥವಾ ಹತ್ತಿರದ ಊರಿನ ರೇಡಿಯೊ ಕ್ಲಬ್ಬಿಗೆ ತಲುಪಿಸಿ.